ಹಸಿ ಕಸಾನ ಕವರಲ್ಲಿ ಗಂಟು ಕಟ್ಟಿ ಕೊಟ್ರೆ ಹೇಗೆ?

ಸಂಪಾದಕರಿಗೆ ನಮಸ್ಕಾರ,

ಬೆಳಗ್ಗೆ ಕಸದ ಗಾಡಿ ಹಾಡು ಹಾಕ್ಕೊಂಡು ಬಂದ್ರೆ ಸಾಕು, ನಮ್ಮ ಬೀದಿಯವರು ನಿನ್ನೆ ಉಳಿದ ಅನ್ನ ಸಾರು, ಈರುಳ್ಳಿ ಸಿಪ್ಪೆ, ಮಗು ಡೈಪರ್, ಒಡೆದ ಬಲ್ಬು ಎಲ್ಲಾನೂ ಒಂದೇ ಕವರಿಗೆ ತುಂಬಿ ಗಂಟು ಹಾಕಿ ಎಸೀತಾರೆ, ನಾನೂ ಎರಡು ವರ್ಷದ ಹಿಂದಿನ ತನಕ ಇದನ್ನೇ ಮಾಡ್ತಿದ್ದೆ ಬಿಡಿ. ಹಸಿ, ಒಣ, ಅಪಾಯಕಾರಿ ಅಂತ ಮೂರು ಥರ ಬೇರೆ ಮಾಡಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ನಮ್ಮನೆಗಳ ಕಸದಲ್ಲಿ ಹೆಚ್ಚುಕಮ್ಮಿ ಅರ್ಧ ಹಸಿ ಕಸನೇ, ಅದು ರಾಶಿಯೊಳಗೆ ಗಾಳಿ ಇಲ್ದೆ ಕೊಳೆತ್ರೆ ಮೀಥೇನ್ ಅನ್ನೋ ಉರಿಯೋ ಅನಿಲ ಹುಟ್ಟುತ್ತೆ, ರಾಶಿಗೆ ಬೆಂಕಿ ಹತ್ತೋಕೆ ಅದೂ ಒಂದು ಕಾರಣ, ಇನ್ನು ಬೀದಿ ದನ ಕವರ್ ಸಮೇತ ನುಂಗೋದು ದಿನಾ ನೋಡ್ತೀವಲ್ಲ.

ನಾನೀಗ ಹಳೇ ಪೇಂಟ್ ಡಬ್ಬಕ್ಕೆ ತೂತು ಹಾಕಿ ಹಸಿ ಕಸ ತುಂಬ್ತೀನಿ, ಮೇಲೊಂದು ಪದರ ಒಣಗಿದ ಎಲೆ, ಇಲ್ಲಾಂದ್ರೆ ಕಾಫಿ ಹಣ್ಣಿನ ಸಿಪ್ಪೆ (ಚಿಕ್ಕಮಗಳೂರಲ್ಲಿ ಅದಕ್ಕೇನು ಬರ!), ಆಗಾಗ ಸ್ವಲ್ಪ ಹುಳಿ ಮಜ್ಜಿಗೆ ಹಾಕಿ ಕಲಸಿದ್ರೆ ಎರಡು ಮೂರು ತಿಂಗಳಿಗೆ ಗೊಬ್ಬರ. ವಾಸನೆ ಬಂತಾ, ನೀರಿನಂಶ ಜಾಸ್ತಿ ಆಗಿದೆ ಅಂತ ಲೆಕ್ಕ, ಇನ್ನಷ್ಟು ಒಣ ಎಲೆ ಹಾಕಿ. ಮಳೆಗಾಲದಲ್ಲಿ ಮಾತ್ರ ಒಣ ಎಲೆ ಸಿಗಲ್ಲ, ಬೇಸಿಗೆಲೇ ಎರಡು ಚೀಲ ತುಂಬಿಟ್ಕೋಬೇಕು.

ಬಚ್ಚಲ ಒಲೆಗೆ ಹಾಲಿನ ಕವರ್ ಹಾಕೋರು ದಯವಿಟ್ಟು ಬಿಡಿ, ಆ ಹೊಗೆ ಕುಡಿಯೋದು ನಿಮ್ಮನೆ ಮಕ್ಕಳೇ. ಯಾವ ವಾರ್ಡಿಗೆ ಯಾವತ್ತು ಒಣ ಕಸದ ಗಾಡಿ ಬರುತ್ತೆ ಅಂತ ನಿಮ್ಮ ಪೇಪರಲ್ಲಿ ಒಂದು ಪಟ್ಟಿ ಹಾಕಿದ್ರೆ ಉಪಕಾರ ಆಗುತ್ತೆ ಸಾರ್.

– ಒಬ್ಬ ಓದುಗ, ಚಿಕ್ಕಮಗಳೂರು