ಡಬ್ಲಿನ್‌ನಲ್ಲಿರುವ ಮಗಳಿಗೊಂದು ಪತ್ರ

ಪುಟ್ಟಿ,

ಹೋದ ಭಾನುವಾರ ಫೋನಿನಲ್ಲಿ "ಅಪ್ಪಯ್ಯಾ, ನೀವೇ ಹೇಳಿ, ಬಂದುಬಿಡ್ಲಾ?" ಅಂತ ಕೇಳಿದೆ. ನಾನು ಮಳೆ ವಿಷಯ ತೆಗೆದೆ. ನಿನಗೆ ಸಿಟ್ಟು ಬಂದಿರಬೇಕು. ಇಂಥದ್ದೆಲ್ಲ ಫೋನಿನಲ್ಲಿ ಮಾತಾಡಲು ನನಗೆ ಬರುವುದಿಲ್ಲ. ಅದಕ್ಕೇ ಈ ಕಾಗದ.

ನನ್ನ ಕುವೈತ್ ಕಥೆ ನೂರು ಸಲ ಕೇಳಿದ್ದೀಯ. 1990ರ ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ನುಗ್ಗಿತು. ಗ್ಯಾರೇಜು ಮುಚ್ಚಿತು, ಕೂಡಿಟ್ಟ ದೀನಾರು ಬರೀ ಕಾಗದವಾಯಿತು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ, ಮರುಭೂಮಿಯ ಡೇರೆಯಲ್ಲಿ ಒಂಬತ್ತು ದಿನ. ಕೊನೆಗೆ ಅಮ್ಮಾನ್‌ನಿಂದ ಏರ್ ಇಂಡಿಯಾ. ಆಗ ಹಾಗೆ ಮರಳಿದವರು ಸುಮಾರು 1.7 ಲಕ್ಷ ಜನ. ಕೊಂಕಣ ರೈಲು ಇನ್ನೂ ಇರಲಿಲ್ಲ, ಬೊಂಬಾಯಿಯಿಂದ ಬಸ್ಸು. ಕುಂದಾಪುರದಲ್ಲಿ ಇಳಿದಾಗ ಕೈಯಲ್ಲಿ ಒಂದೇ ಬ್ಯಾಗು, ಅದರೊಳಗೆ ಸ್ಪ್ಯಾನರ್ ಸೆಟ್ಟು. ಬೇರೆಯವರು ಚಿನ್ನ ಬಚ್ಚಿಟ್ಟು ತಂದರೆ ನಾನು ಸ್ಪ್ಯಾನರ್! ನಿನ್ನ ಅಜ್ಜಿ ಕೊನೆವರೆಗೂ ಅದನ್ನೇ ಹೇಳಿ ನಗುತ್ತಿದ್ದರು.

ಇದರ ಮುಂದಿನ ಭಾಗವನ್ನು ಮಾತ್ರ ನಿನಗೆ ಸರಿಯಾಗಿ ಹೇಳಿಲ್ಲ. 1993ರಲ್ಲಿ ಹಳೆ ಮಾಲೀಕರು ಮತ್ತೆ ವೀಸಾ ಕಳಿಸಿದರು. ನೀನಾಗ ಒಂದು ವರ್ಷದವಳು. "ಮಗು ಬಿಟ್ಟು ಹೇಗೆ ಹೋಗಲಿ" ಅಂತ ಊರಿಗೆಲ್ಲ ಹೇಳಿದೆ. ದೊಡ್ಡವಳಾದ ಮೇಲೆ ನಿನಗೂ ಹೇಳಿದೆ. ನಿನ್ನ ಫೀಸು ಕಟ್ಟಲು ಕಷ್ಟವಾದಾಗಲೆಲ್ಲ ಹೇಳಿದೆ. ಅದು ನಿಜವಲ್ಲ ಪುಟ್ಟಿ. ನನಗೆ ಹೆದರಿಕೆ ಇತ್ತು. ರಾತ್ರಿ ಲಾರಿ ಸದ್ದಾದರೂ ಎದ್ದು ಕೂರುತ್ತಿದ್ದೆ, ಬೇಕಾದರೆ ಅಮ್ಮನನ್ನು ಕೇಳು. ಹೆದರಿಕೆ ಅಂತ ಹೇಳಲು ನಾಚಿಕೆ. ನಿನ್ನ ಹೆಸರು ಹೇಳುವುದು ಸುಲಭವಿತ್ತು.

"ನಿಮಗೋಸ್ಕರ ಬರ್ತೇನೆ" ಅಂದೆಯಲ್ಲ, ಆಗ ಎದೆ ಧಸಕ್ಕೆಂದದ್ದು ಅದಕ್ಕೇ. ನಾಳೆ ಇಲ್ಲಿ ಏನಾದರೂ ಎಡವಟ್ಟಾದರೆ ನೀನು ಬಾಯಿಬಿಟ್ಟು ಹೇಳುವವಳಲ್ಲ. ಸುಮ್ನೆ ನಮ್ಮ ಮುಖ ನೋಡ್ತೀಯ.

ಬರುವುದಾದರೆ ನಿನಗೆ ಬೇಕು ಅಂತ ಬಾ. ಇಲ್ಲಿನ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದದ್ದನ್ನು ಮರೆತಿಲ್ಲ ತಾನೆ? ಡಬಲ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ನಿಂತೇ ಬರುತ್ತಿದ್ದೆ. ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಅಲ್ಲಿ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲೆ, ಒಪ್ಪಿದೆ. ಆದರೆ ನರ್ಸ್ ಅಂದರೆ ಮರ್ಯಾದೆ ಇದೆ ಅಂತ ನೀನೇ ಹೇಳಿದ್ದೆ.

ಮೊಮ್ಮಗನಿಗೆ ನಾಲ್ಕೂವರೆ. ಬರುವುದಾದರೆ ಈಗಲೇ, ಶಾಲೆ ಗಟ್ಟಿಯಾಗುವ ಮೊದಲು ಅನ್ನುತ್ತಾರೆ ಅಳಿಯ. ಅದು ನನಗೂ ಸರಿ ಕಾಣುತ್ತದೆ. ಅಲ್ಲಿಯ ಪೌರತ್ವ ತೆಗೆದುಕೊಂಡರೆ ನಮ್ಮ ಪಾಸ್‌ಪೋರ್ಟ್ ಬಿಡಬೇಕು, ಎರಡೂ ಇಟ್ಟುಕೊಳ್ಳಲು ಭಾರತದಲ್ಲಿ ಅವಕಾಶವಿಲ್ಲ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿದರೆ ಬಂದು ಇರಲು ತೊಂದರೆ ಇಲ್ಲ. ವೋಟು ಇಲ್ಲ, ಗದ್ದೆ ತೋಟ ಕೊಳ್ಳುವ ಹಾಗಿಲ್ಲ. ನಮ್ಮ ನಂತರ ಈ ಗದ್ದೆ ವಾರಸಿನಿಂದ ನಿನಗೆ ಬರಲು ಅಡ್ಡಿ ಇಲ್ಲವಂತೆ, ವಕೀಲರನ್ನು ಕೇಳಿದ್ದೇನೆ. ಗದ್ದೆಗೋಸ್ಕರ ಓಡಿ ಬರಬೇಡ.

ಇನ್ನೊಂದು. ಕುವೈತಿನ ನಮ್ಮ ರೂಮಿನಲ್ಲಿ ಆರು ಜನರಿಗೂ "ಇನ್ನೊಂದು ವರ್ಷ" ಅನ್ನುವ ಕಾಯಿಲೆ. ತಂಗಿ ಮದುವೆ ಆಗಲಿ, ಮನೆಗೆ ಹಂಚು ಹೊದಿಸಲಿ, ಆಮೇಲೆ ಹೋಗುವುದು. ಊರಿಗೆ ಒಯ್ಯಬೇಕು ಅಂತ ಕೊಂಡ ಮಿಕ್ಸಿ ಮೂರು ವರ್ಷ ಮಂಚದ ಕೆಳಗೆ ಡಬ್ಬದಲ್ಲೇ ಇತ್ತು. ಅಲ್ಲೇ ಉಳಿಯಿತು. ಯಾರ ಪಾಲಾಯಿತೋ! ನಿಮ್ಮ ಮನೆ ಗೋಡೆಗೆ ಆರು ವರ್ಷವಾದರೂ ಒಂದು ಮೊಳೆ ಹೊಡೆದಿಲ್ಲ ಅಂತ ಅಳಿಯ ಹೇಳಿದರು. ಇರುವುದಾದರೆ ಮೊಳೆ ಹೊಡಿ. ಪಟ ತೂಗುಹಾಕು.

ನೀನು ಬಂದರೆ ನನಗೆ ಖುಷಿಯೋ ಅಂದರೆ, ಹೌದು. ತುಂಬಾ. ಅಷ್ಟು ಹೇಳದಿದ್ದರೆ ಇದೂ ಹಳೆ ಸುಳ್ಳಿನ ಹಾಗೇ ಆದೀತು.

ಮುಚ್ಚಿಟ್ಟದ್ದು ಇನ್ನೂ ಒಂದಿದೆ. ಯುದ್ಧದ ಪರಿಹಾರ ಅಂತ ವಿಶ್ವಸಂಸ್ಥೆಯಿಂದ ಬಂದ ದುಡ್ಡಿನಲ್ಲಿ ಬಾವಿಕಟ್ಟೆ ಕಟ್ಟಿಸಿದ್ದೆನಲ್ಲ, ಅಲ್ಲಿ ಆಷಾಢದಲ್ಲಿ ಅಮ್ಮ ಜಾರಿ ಬಿದ್ದಳು. ಬಲಗೈಗೆ ಆರು ವಾರ ಪ್ಲಾಸ್ಟರ್. ವಿಡಿಯೋ ಕಾಲ್ ಬಂದಾಗ ಕೈ ಕಾಣದ ಹಾಗೆ ಫೋನ್ ಹಿಡಿದವನು ನಾನೇ. ಈಗ ಬಿಚ್ಚಿದ್ದಾರೆ. ಮೊನ್ನೆ ನೀರ್ದೋಸೆ ಹೊಯ್ದಳು. ಇದನ್ನು ಕೇಳಿ ಟಿಕೆಟ್ ಮಾಡಬೇಡ. ಆದರೆ ಗೊತ್ತಿಲ್ಲದೆ ನಿರ್ಧಾರ ಮಾಡುವುದೂ ಬೇಡ ಅನ್ನಿಸಿತು.

ಭಾನುವಾರ ಫೋನ್ ಮಾಡು. ಕೈ ತೋರಿಸ್ತಾಳಂತೆ.

ನಿನ್ನ
ಅಪ್ಪಯ್ಯ