ಜೋಗೆ ಮದುವೆ ಆಯಿತೋ ಇಲ್ಲವೋ

ವಾಲ್ಥಮ್, ಮ್ಯಾಸಚೂಸೆಟ್ಸ್

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾವಿಲ್ಲಿ ಕ್ಷೇಮ. ಅಪ್ಪನ ಮಂಡಿನೋವು ಈಗ ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದಾರಾ? ಚಳಿ ಶುರುವಾಗುವ ಮುಂಚೆ ಇನ್ನೊಂದು ಸಲ ತೋರಿಸಿಕೊಂಡು ಬನ್ನಿ.

ಭಾನುವಾರ ಫೋನಿನಲ್ಲಿ ನೀನೂ ಚಿನ್ನಿಯೂ ಅಷ್ಟು ಹೊತ್ತು ವಾದ ಮಾಡಿದಿರಲ್ಲ, ಅದಕ್ಕೇ ಈ ಪತ್ರ. ನಾಲ್ವರು ಅಕ್ಕತಂಗಿಯರ ಕಥೆ ಇರುವ ‘ಲಿಟಲ್ ವಿಮೆನ್’ ಕಾದಂಬರಿಯಲ್ಲಿ ನಾಯಕಿ ಜೋ ಕೊನೆಗೆ ಆ ಜರ್ಮನ್ ಪ್ರೊಫೆಸರನ್ನು ಮದುವೆ ಆಗುತ್ತಾಳೆ ಅಂತ ನೀನು. ಮದುವೆಯೂ ಇಲ್ಲ ಏನೂ ಇಲ್ಲ, ತನ್ನ ಪುಸ್ತಕ ಅಚ್ಚು ಹಾಕಿಸುತ್ತಾಳೆ ಅಂತ ಅವಳು. ನೀನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಲೈಬ್ರರಿಯಲ್ಲಿದ್ದ ಸಂಕ್ಷಿಪ್ತ ಆವೃತ್ತಿ ಓದಿದವಳು. ಅವಳು ಗ್ರೇಟಾ ಗರ್ವಿಗ್ 2019ರಲ್ಲಿ ತೆಗೆದ ಸಿನಿಮಾ ನೋಡಿದವಳು. ನೀವಿಬ್ಬರೂ ಹೇಳಿದ್ದು ಸರಿ. ಅದು ಹೇಗೆ ಅಂತ ಫೋನಿನಲ್ಲಿ ಹೇಳುವುದಕ್ಕಿಂತ ಬರೆಯುವುದೇ ವಾಸಿ.

ಲೂಯಿಸಾ ಮೇ ಆಲ್ಕಾಟ್ ಈ ಕಾದಂಬರಿಯನ್ನು ಒಂದೇ ಸಲಕ್ಕೆ ಬರೆಯಲಿಲ್ಲ. ಮೊದಲ ಭಾಗ ಬಂದದ್ದು 1868ರಲ್ಲಿ. ಹುಡುಗಿಯರಿಗಾಗಿ ಒಂದು ಕಥೆ ಬರೆದುಕೊಡಿ ಅಂತ ಪ್ರಕಾಶಕರು ಕೇಳಿದ್ದರು. ಅವಳಿಗೆ ಅಷ್ಟೇನೂ ಮನಸ್ಸಿರಲಿಲ್ಲ. ತನ್ನ ಅಕ್ಕತಂಗಿಯರನ್ನು ಬಿಟ್ಟರೆ ಬೇರೆ ಹುಡುಗಿಯರ ಪರಿಚಯವೇ ತನಗೆ ಕಮ್ಮಿ ಅಂತ ಡೈರಿಯಲ್ಲಿ ಬರೆದುಕೊಂಡಿದ್ದಾಳೆ. ಆ ಭಾಗ ಹಿರಿಯವಳು ಮೆಗ್‌ಗೆ ಮದುವೆ ನಿಶ್ಚಯ ಆಗುವಲ್ಲಿಗೆ ಮುಗಿಯುತ್ತದೆ. ಪುಸ್ತಕ ಖರ್ಚಾಗಿದ್ದೇ ತಡ, ಓದಿದ ಹುಡುಗಿಯರಿಂದ ಕಾಗದಗಳು ಬರತೊಡಗಿದವು. ಜೋ ಪಕ್ಕದ ಮನೆಯ ಲೋರಿಯನ್ನು ಮದುವೆ ಆಗಲೇಬೇಕು ಅಂತ ಎಲ್ಲರದ್ದೂ ಒಂದೇ ಹಟ. ಯಾರನ್ನು ಮೆಚ್ಚಿಸುವುದಕ್ಕೂ ಅವರಿಬ್ಬರ ಮದುವೆ ಮಾಡಿಸುವುದಿಲ್ಲ ಅಂತ ಲೂಯಿಸಾಳ ಹಟ. ಜೋ ಮದುವೆಯಾಗದೆ ಬರಹಗಾರ್ತಿಯಾಗಿಯೇ ಉಳಿಯಬೇಕಿತ್ತು ಅಂತ ಅವಳೇ ಒಂದು ಕಾಗದದಲ್ಲಿ ಹೇಳಿದ್ದಾಳೆ. ಆದರೆ ಓದುಗರ ಒತ್ತಾಯ ಜಾಸ್ತಿ ಆಯಿತು. ಅದಕ್ಕೇ 1869ರ ಎರಡನೆಯ ಭಾಗದಲ್ಲಿ ನಡುವಯಸ್ಸಿನ, ದುಡ್ಡಿಲ್ಲದ ಪ್ರೊಫೆಸರ್ ಭೇರ್ ಬಂದ. ಮಳೆಯಲ್ಲಿ ಒಂದೇ ಛತ್ರಿಯ ಕೆಳಗೆ ಇಬ್ಬರೂ ಒಪ್ಪಿಕೊಳ್ಳುತ್ತಾರೆ. ನೀನು ಓದಿದ್ದು ಇದು.

ಸಿನಿಮಾ ಈ ಹಿನ್ನೆಲೆಯನ್ನೇ ಕಥೆಯೊಳಕ್ಕೆ ತಂದಿದೆ. ಛತ್ರಿಯ ದೃಶ್ಯ ನಡೆಯುತ್ತಿರುವಾಗಲೇ ಜೋ ಬರೆದ ಪುಸ್ತಕದ ಪ್ರಕಾಶಕನ ಆಫೀಸಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ. ನಾಯಕಿಗೆ ಮದುವೆ ಆಗದಿದ್ದರೆ ಪುಸ್ತಕ ಯಾರೂ ಕೊಳ್ಳುವುದಿಲ್ಲ ಅಂತ ಅವನು ಹೇಳುತ್ತಾನೆ. ದುಡ್ಡಿಗಾಗಿ ನಾಯಕಿಯನ್ನು ಮದುವೆಗೆ ಮಾರುವುದಾದರೆ ಆ ದುಡ್ಡಿನಲ್ಲಿ ನನಗೂ ಪಾಲು ಬೇಕು ಅನ್ನುತ್ತಾಳೆ ಜೋ. ಸಂತೆಯಲ್ಲಿ ಕೂತ ಹಾಗೆ ಚೌಕಾಶಿ ನಡೆಯುತ್ತದೆ. ಅವನು ಐದು ಅಂದರೆ ಅವಳು ಹತ್ತು. ಕೊನೆಗೆ ಶೇಕಡಾ 6.6ಕ್ಕೆ ನಿಲ್ಲುತ್ತದೆ. ಕಾಪಿರೈಟ್ ಮಾತ್ರ ಮಾರುವುದಿಲ್ಲ, ನನ್ನ ಪುಸ್ತಕ ನನ್ನದಾಗಿಯೇ ಇರಬೇಕು ಅನ್ನುತ್ತಾಳೆ. ಲೂಯಿಸಾ ನಿಜವಾಗಿಯೂ ಕಾಪಿರೈಟ್ ಇಟ್ಟುಕೊಂಡಳು. ಮನೆಯ ಸಾಲವೆಲ್ಲ ತೀರಿದ್ದು, ತಂದೆತಾಯಿ ಕೊನೆಗಾಲದಲ್ಲಿ ನೆಮ್ಮದಿಯಾಗಿ ಇದ್ದದ್ದು ಆ ದುಡ್ಡಿನಿಂದಲೇ. ಆಮೇಲೆ ಪುಸ್ತಕ ತಯಾರಾಗುವುದನ್ನು ತೋರಿಸುತ್ತಾರೆ. ಅಚ್ಚಿನ ಮೊಳೆ ಜೋಡಿಸುವುದು, ಹಾಳೆಗಳನ್ನು ದಾರದಲ್ಲಿ ಹೊಲಿಯುವುದು, ರಟ್ಟಿನ ಮೇಲೆ ಚಿನ್ನದ ಅಕ್ಷರ ಒತ್ತುವುದು. ಜೋ ಗಾಜಿನ ಆಚೆ ನಿಂತು ನೋಡುತ್ತಾಳೆ. ಛತ್ರಿಯ ಕೆಳಗಿನ ಮುತ್ತು ಅವಳ ಕಥೆಯೊಳಗಿನದು, ಕೈಗೆ ಬಂದ ಪುಸ್ತಕ ಅವಳ ಬದುಕಿನದು ಅಂತ ಚಿನ್ನಿಗೆ ಅನ್ನಿಸಿದ್ದು ಸಹಜ. ನನಗೂ ಹಾಗೇ ಅನ್ನಿಸಿತು. ಲೂಯಿಸಾ ಮದುವೆ ಆಗಲಿಲ್ಲ. 150 ವರ್ಷದ ಹಿಂದೆ ಅವಳಿಗೆ ಬರೆಯಲು ಬಿಡದ ಕೊನೆಯನ್ನು ಈ ಸಿನಿಮಾ ಅವಳಿಗೆ ವಾಪಸ್ ಕೊಟ್ಟಿದೆ. ಇದರಲ್ಲಿ ನಾನು ಪೂರ್ತಿ ಚಿನ್ನಿಯ ಕಡೆ.

ಆದರೆ ಸಿನಿಮಾ ನೋಡಿದ ಮೇಲೆ ಪುಸ್ತಕ ಯಾಕೆ ಓದಬೇಕು ಅಂದಳಲ್ಲ, ಅಲ್ಲಿ ನಾನು ನಿನ್ನ ಕಡೆ.

ಪುಸ್ತಕ ಶುರುವಾಗುವಾಗ ಮೆಗ್‌ಗೆ 16, ಜೋಗೆ 15, ಬೆತ್‌ಗೆ 13, ಏಮಿಗೆ 12. ಅಲ್ಲಿಂದ ಒಂದೊಂದೇ ಹಬ್ಬ, ಒಂದೊಂದೇ ಚಳಿಗಾಲ ದಾಟಿಕೊಂಡು ಅವರು ನಮ್ಮ ಕಣ್ಣೆದುರೇ ದೊಡ್ಡವರಾಗುತ್ತಾರೆ. ಯಾವಾಗ ದೊಡ್ಡವರಾದರು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸಿನಿಮಾ ಶುರುವಾಗುವುದು ಆಗಲೇ ದೊಡ್ಡವಳಾದ ಜೋಯಿಂದ. ನ್ಯೂಯಾರ್ಕಿನಲ್ಲಿ ಪ್ರಕಾಶಕನ ಬಾಗಿಲ ಮುಂದೆ ಬೆನ್ನು ತೋರಿಸಿ ನಿಂತಿದ್ದಾಳೆ. ಬಾಲ್ಯ ಎಲ್ಲ ನೆನಪಾಗಿ ಬಂದು ಹೋಗುತ್ತದೆ. ಹಳೆಯ ದಿನಗಳಿಗೆ ದೀಪದ ಬೆಳಕಿನ ಬಣ್ಣ, ಈಗಿನ ದಿನಗಳಿಗೆ ತಣ್ಣನೆಯ ನೀಲಿ. ಇದರಿಂದ ಸಿನಿಮಾಕ್ಕೆ ದೊಡ್ಡ ಶಕ್ತಿ ಬಂದಿದೆ, ಇಲ್ಲ ಅನ್ನುವುದಿಲ್ಲ. ಬೆತ್ ಮೊದಲ ಸಲ ಜ್ವರದಲ್ಲಿ ಮಲಗಿದಾಗ ಜೋ ಎದ್ದು ನೋಡುತ್ತಾಳೆ, ಹಾಸಿಗೆ ಖಾಲಿ. ಮೆಟ್ಟಿಲಿಳಿದು ಓಡಿ ಬಂದರೆ ಬೆತ್ ಕೆಳಗೆ ಮೇಜಿನ ಹತ್ತಿರ ಕೂತಿದ್ದಾಳೆ. ಎರಡನೆಯ ಸಲವೂ ಹಾಸಿಗೆ ಖಾಲಿ, ಅದೇ ಮೆಟ್ಟಿಲು. ಕೆಳಗೆ ಅಮ್ಮ ಒಬ್ಬಳೇ ಇದ್ದಾಳೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ನನಗೆ ತಡೆಯಲಿಕ್ಕೇ ಆಗಲಿಲ್ಲ.

ಪುಸ್ತಕದಲ್ಲಿ ಆ ಎರಡರ ನಡುವೆ ವರ್ಷಗಳೇ ಇವೆ. ಬೆತ್ ಇನ್ನು ಉಳಿಯುವುದಿಲ್ಲ ಅನ್ನುವುದು ಜೋಗೆ ಗೊತ್ತಾಗುವುದು ಸಮುದ್ರದ ದಡದಲ್ಲಿ. ಬೆತ್‌ಗೆ ಅದು ಎಷ್ಟೋ ತಿಂಗಳಿಂದ ಗೊತ್ತಿರುತ್ತದೆ, ಮನೆಯವರಿಗೆ ಹೇಳಲಾರದೆ ಒಬ್ಬಳೇ ಇಟ್ಟುಕೊಂಡಿರುತ್ತಾಳೆ. ಸಾವನ್ನು ಲೂಯಿಸಾ ತುಂಬ ಸಾದಾ ಬರೆದಿದ್ದಾಳೆ. ಸಾಯುವವರು ದೊಡ್ಡ ದೊಡ್ಡ ಮಾತು ಆಡುವುದು ಪುಸ್ತಕಗಳಲ್ಲಿ ಮಾತ್ರ ಅಂತ ಅಲ್ಲೇ ಹೇಳುತ್ತಾಳೆ. ಅವಳು ಅದನ್ನು ಕಂಡವಳು. ಅವಳ ತಂಗಿ ಎಲಿಜಬೆತ್ ತೀರಿಕೊಂಡದ್ದು 1858ರಲ್ಲಿ, 22ನೆಯ ವಯಸ್ಸಿನಲ್ಲಿ.

ಇಲ್ಲಿಂದ ಕಾನ್ಕಾರ್ಡ್ ಊರಿಗೆ ರೈಲಿನಲ್ಲಿ ಹೋಗಬಹುದು. ಲೂಯಿಸಾ ಈ ಪುಸ್ತಕ ಬರೆದ ಆರ್ಚರ್ಡ್ ಹೌಸ್ ಅಲ್ಲಿದೆ, ಈಗ ಮ್ಯೂಸಿಯಂ. ಮರದ ಕಂದು ಮನೆ. ಮೇಲಿನ ಕೋಣೆಯಲ್ಲಿ ಎರಡು ಕಿಟಕಿಗಳ ನಡುವೆ ಗೋಡೆಗೆ ಹೊಂದಿಸಿದ ಅರ್ಧ ಚಂದ್ರದ ಆಕಾರದ ಒಂದು ಹಲಗೆ, ಅವಳ ತಂದೆ ಮಾಡಿಕೊಟ್ಟದ್ದು. ಅದರ ಮೇಲೆ ನಮ್ಮ ಊಟದ ತಟ್ಟೆ ಎರಡು ಇಟ್ಟರೆ ಜಾಗ ಮುಗಿಯಿತು. ಅಷ್ಟರಲ್ಲೇ ಕೂತು ಬರೆದಿದ್ದಾಳೆ. ತಂಗಿ ಮೇ, ಅಂದರೆ ಪುಸ್ತಕದ ಏಮಿ, ತನ್ನ ಕೋಣೆಯ ಗೋಡೆ ಮೇಲೆ ಬಿಡಿಸಿದ ಚಿತ್ರಗಳು ಇನ್ನೂ ಇವೆ. ಎಲಿಜಬೆತ್ ಮಾತ್ರ ಆ ಮನೆಯಲ್ಲಿ ಇರಲೇ ಇಲ್ಲ. ಸಂಸಾರ ಅಲ್ಲಿಗೆ ಬರುವ ಮುಂಚೆಯೇ ಅವಳು ಹೋಗಿದ್ದಳು. ಕಾದಂಬರಿಯಲ್ಲಿ ಲೂಯಿಸಾ ಅವಳನ್ನೂ ಆ ಮನೆಗೆ ಕರೆತಂದು, ಪಿಯಾನೋ ಮುಂದೆ ಕೂರಿಸಿದ್ದಾಳೆ.

ಏಮಿ ವಿಷಯಕ್ಕೆ ಬರುತ್ತೇನೆ. ಸಿನಿಮಾದಲ್ಲಿ ಜಾಸ್ತಿ ಗೆದ್ದವಳೂ ಅವಳೇ, ಜಾಸ್ತಿ ಕಳೆದುಕೊಂಡವಳೂ ಅವಳೇ. ದೊಡ್ಡ ಏಮಿ ಪ್ಯಾರಿಸ್ಸಿನಲ್ಲಿ ಲೋರಿಗೆ ಹೇಳುವ ಮಾತು ಪುಸ್ತಕದಲ್ಲಿ ಇಲ್ಲ. ಹೆಂಗಸಾಗಿ ನನಗೆ ಸಂಸಾರ ಸಾಕುವಷ್ಟು ಸಂಪಾದಿಸುವ ದಾರಿಯೇ ಇಲ್ಲ, ನನ್ನ ಹತ್ತಿರ ದುಡ್ಡು ಇದ್ದಿದ್ದರೂ ಮದುವೆ ಆದ ತಕ್ಷಣ ಗಂಡನದ್ದಾಗುತ್ತಿತ್ತು, ಮಕ್ಕಳೂ ಅವನವೇ ಅನ್ನುತ್ತಾಳೆ. ಏಮಿ ಬರೀ ಆಸೆಬುರುಕಿ ಅಂದುಕೊಂಡವರು ಇದನ್ನು ಕೇಳಬೇಕು. ಫ್ಲಾರೆನ್ಸ್ ಪ್ಯೂ ಆ ಮಾತನ್ನು ಒಂಚೂರೂ ಅಳದೆ ಹೇಳುತ್ತಾಳೆ. ಆದರೆ 12 ವರ್ಷದ ಏಮಿಯನ್ನೂ ಅವಳ ಕೈಲೇ ಮಾಡಿಸಿದ್ದಾರೆ. ಜಡೆ ಹಾಕಿದ ತಕ್ಷಣ ದೊಡ್ಡವಳು ಮಗು ಆಗುವುದಿಲ್ಲ. 1994ರ ಸಿನಿಮಾದಲ್ಲಿ ಈ ಪಾತ್ರಕ್ಕೆ ಇಬ್ಬರಿದ್ದರು, ಚಿಕ್ಕವಳಾಗಿ ಕರ್ಸ್ಟನ್ ಡನ್ಸ್ಟ್, ದೊಡ್ಡವಳಾಗಿ ಸಮಾಂತಾ ಮ್ಯಾಥಿಸ್. ಬೆಳೆಯುವ ಕಥೆಯಲ್ಲಿ ಚಿಕ್ಕದಾಗಿದ್ದ ಮುಖ ಕಾಣಲೇಬೇಕು, ಅಲ್ವಾ?

ಆ ನಿಂಬೆಹಣ್ಣಿನ ಪ್ರಸಂಗ ನಿನಗೆ ನೆನಪಿದೆಯಾ? ಉಪ್ಪುನೀರಿನಲ್ಲಿ ಹಾಕಿದ ನಿಂಬೆಹಣ್ಣು ಆಗ ಇಲ್ಲಿನ ಶಾಲೆಯ ಹುಡುಗಿಯರಿಗೆ ಪ್ರಾಣ. ಕ್ಲಾಸಿನಲ್ಲಿ ಡೆಸ್ಕಿನ ಕೆಳಗೆ ಇಟ್ಟುಕೊಂಡು ಚೀಪುತ್ತಿದ್ದರು, ಸಾಲ ಕೊಡುತ್ತಿದ್ದರು. ಪುಸ್ತಕದಲ್ಲಿ ಏಮಿ 24 ನಿಂಬೆಹಣ್ಣು ತಂದು ಸಿಕ್ಕಿಬೀಳುತ್ತಾಳೆ. ಮೇಷ್ಟ್ರು ಎರಡೆರಡಾಗಿ ಕಿಟಕಿಯಿಂದ ಆಚೆ ಎಸೆಸುತ್ತಾರೆ. ಕೆಳಗೆ ಬೀದಿಯ ಮಕ್ಕಳು ಕೇಕೆ ಹಾಕುತ್ತಾರೆ. ಆಮೇಲೆ ಅಂಗೈ ಮೇಲೆ ಏಟು, ಎಲ್ಲರೆದುರು ನಿಲ್ಲುವ ಶಿಕ್ಷೆ. ತಾಯಿ ಅವಳನ್ನು ಆ ಶಾಲೆಯಿಂದಲೇ ಬಿಡಿಸುತ್ತಾಳೆ. ಆದರೆ ನೀನು ಮಾಡಿದ್ದೂ ತಪ್ಪೇ ಅಂತ ಏಮಿಗೂ ಹೇಳುತ್ತಾಳೆ. ಸಿನಿಮಾದಲ್ಲಿ ನಿಂಬೆಹಣ್ಣು ಹೆಸರಿಗೆ ಬಂದು ಹೋಗುತ್ತದೆ. ಏಟು ಬೀಳುವುದು ಮೇಷ್ಟ್ರ ಚಿತ್ರ ಬರೆದಿದ್ದಕ್ಕೆ. ಇದು ಸಣ್ಣ ಬದಲಾವಣೆ ಅಂತ ಬಿಡಲು ನನಗೆ ಮನಸ್ಸಿಲ್ಲ. ಮಗುವಿನ ಪುಟ್ಟ ಜಂಬ, ಪುಟ್ಟ ಸಾಲ, ಎಲ್ಲರೆದುರು ಆದ ಅವಮಾನ, ಎಲ್ಲಾ ಅದರಲ್ಲಿತ್ತು.

ಈಗ ನಿನಗಾಗಿಯೇ ಬರೆಯಬೇಕು ಅಂದುಕೊಂಡ ಮಾತು. ನಾಟಕಕ್ಕೆ ಕರೆದುಕೊಂಡು ಹೋಗಲಿಲ್ಲ ಅಂತ ಏಮಿ ಜೋ ಬರೆದಿದ್ದ ಕಥೆಗಳನ್ನು ಒಲೆಗೆ ಹಾಕುತ್ತಾಳೆ. ವರ್ಷಗಟ್ಟಲೆ ಕೂತು ಬರೆದದ್ದು. ಜೋ ಕ್ಷಮಿಸುವುದಿಲ್ಲ. ಮರುದಿನ ಹೆಪ್ಪುಗಟ್ಟಿದ ನದಿಯ ಮೇಲೆ ಜಾರಾಡಲು ಹೋಗುತ್ತಾಳೆ. ಏಮಿ ಹಿಂದೆ ಬರುತ್ತಿದ್ದಾಳೆ ಅಂತ ಗೊತ್ತು. ನಡುವೆ ಮಂಜುಗಡ್ಡೆ ತೆಳ್ಳಗಿದೆ ಅಂತ ಲೋರಿ ಹೇಳಿದ್ದೂ ಗೊತ್ತು. ಆದರೂ ತಿರುಗಿ ಒಂದು ಮಾತು ಹೇಳುವುದಿಲ್ಲ. ಮಂಜುಗಡ್ಡೆ ಒಡೆದು ಏಮಿ ನೀರಿಗೆ ಬೀಳುತ್ತಾಳೆ. ಹೇಗೋ ಬದುಕಿಸಿ ಮನೆಗೆ ತರುತ್ತಾರೆ. ಆ ರಾತ್ರಿ ಜೋ ತನ್ನ ಕೋಪಕ್ಕೆ ತಾನೇ ಹೆದರಿ ತಾಯಿಯ ಹತ್ತಿರ ಅಳುತ್ತಾಳೆ. ಆಗ ತಾಯಿ ಹೇಳುತ್ತಾಳೆ, ನನಗೂ ಬಾಳಿನ ಹೆಚ್ಚುಕಮ್ಮಿ ಪ್ರತಿದಿನವೂ ಕೋಪ ಬರುತ್ತದೆ ಅಂತ.

ಈ ಮಾತು ಎರಡರಲ್ಲೂ ಇದೆ. ಸಿನಿಮಾದಲ್ಲಿ ಲಾರಾ ಡರ್ನ್ ಅದನ್ನು ನಗುಮುಖದಲ್ಲೇ ಹೇಳುತ್ತಾಳೆ, ಎದೆ ಧಸಕ್ ಅನ್ನುತ್ತದೆ. ಆದರೆ ಒಂದೆರಡು ಮಾತಿಗೆ ಮುಗಿಯುತ್ತದೆ. ಪುಸ್ತಕದಲ್ಲಿ ಜೋ ಬಿಡದೆ ಕೇಳುತ್ತಾಳೆ. ನೀನು ಕೆಲವು ಸಲ ತುಟಿ ಬಿಗಿ ಮಾಡಿಕೊಂಡು ಎದ್ದು ಹೋಗುತ್ತೀಯಲ್ಲ, ಆಗ ನಿನಗೆ ಕೋಪ ಬಂದಿರುತ್ತದಾ ಅಂತ. ಹೌದು ಅನ್ನುತ್ತಾಳೆ ತಾಯಿ. 40 ವರ್ಷದಿಂದ ಗೆಲ್ಲಲು ನೋಡುತ್ತಿದ್ದೇನೆ, ಅಡಗಿಸುವುದಷ್ಟೇ ಸಾಧ್ಯವಾಗಿದೆ ಅನ್ನುತ್ತಾಳೆ. ಅದನ್ನು ಕಲಿಯಲು ಗಂಡ ಸಹಾಯ ಮಾಡಿದ ಅನ್ನುವುದೂ ಬರುತ್ತದೆ. ಅವಳ ಮಾತು ಬಿರುಸಾದಾಗ ಅವನು ತುಟಿಯ ಮೇಲೆ ಬೆರಳಿಟ್ಟು ನೋಡುತ್ತಿದ್ದನಂತೆ. ಅದನ್ನೂ ಜೋ ಚಿಕ್ಕಂದಿನಿಂದ ಗಮನಿಸಿದ್ದಾಳೆ.

ಸಿನಿಮಾ ಆ ಬೆರಳನ್ನು ಬಿಟ್ಟಿದೆ. ಈ ಕಾಲದವರಿಗೆ ಅದು ಹಿಡಿಸುವುದಿಲ್ಲ ಅಂತ ಬಿಟ್ಟಿರಬಹುದು, ನನಗೂ ಹಿಡಿಸಲಿಲ್ಲ. ಆದರೂ ಅದು ಇರಬೇಕಿತ್ತು. ಲೂಯಿಸಾಳ ತಂದೆ ಬ್ರಾನ್ಸನ್ ದೊಡ್ಡ ವಿಚಾರವಂತ, ಮನೆಗೆ ದುಡ್ಡು ತರುತ್ತಿದ್ದದ್ದು ಕಮ್ಮಿ. ಸಂಸಾರ ತೂಗಿಸಿದ್ದು ತಾಯಿ ಅಬಿಗೇಲ್. ಬಾಸ್ಟನ್ನಿನಲ್ಲಿ ಬಡವರ ಮನೆಮನೆ ತಿರುಗುವ ಕೆಲಸವನ್ನೂ ಮಾಡಿದಳು. ಅವಳಿಗೆ ಕೋಪ ಬರಲು ಕಾರಣ ಇರಲಿಲ್ಲವಾ? ಬೆರಳು ತೋರಿಸಿದ್ದಕ್ಕೆ ತುಟಿ ಬಿಗಿಯಾಯಿತು ಅನ್ನುವುದನ್ನು ಬರೆದಿಟ್ಟದ್ದು ಮಗಳು. ತಾಯಿ ಒಳ್ಳೆಯವಳು ಅನ್ನುವುದರ ಜೊತೆಗೆ ಆ ಒಳ್ಳೆಯತನಕ್ಕೆ ಎಷ್ಟು ಖರ್ಚಾಗಿದೆ ಅಂತ ಮಗಳಿಗೆ ಗೊತ್ತಾಗುವ ರಾತ್ರಿ ಅದು. ಜೋ ದೊಡ್ಡವಳಾದದ್ದು ಛತ್ರಿಯ ಕೆಳಗೂ ಅಲ್ಲ, ಪ್ರಕಾಶಕನ ಆಫೀಸಿನಲ್ಲೂ ಅಲ್ಲ. ನನ್ನ ಪ್ರಕಾರ ಅಲ್ಲಿ.

ಅಮ್ಮ, ನಿನಗೆ ಕೋಪ ಬಂದಾಗ ನೀನು ಹಿತ್ತಲಿಗೆ ಹೋಗಿ ಪಾತ್ರೆ ಉಜ್ಜುತ್ತಿದ್ದೆ. ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಿದ್ದೆ. ಸದ್ದು ಕೇಳಿ ನಾವಿಬ್ಬರೂ ಸುಮ್ನೆ ಹೋಂವರ್ಕ್ ತೆಗೆದುಕೊಂಡು ಕೂರುತ್ತಿದ್ದೆವು. ಯಾರ ಮೇಲೆ ಕೋಪ ಅಂತ ಒಂದು ದಿನವೂ ಕೇಳಲಿಲ್ಲ. ನೀನೂ ಹೇಳಲಿಲ್ಲ.

ಇಲ್ಲಿಂದ ಊರಿಗೆ ಹೊರಟ ಗೆಳತಿಯ ಕೈಯಲ್ಲಿ ಪುಸ್ತಕ ಕಳಿಸುತ್ತಿದ್ದೇನೆ. ಸಂಕ್ಷಿಪ್ತ ಅಲ್ಲ, ಎರಡೂ ಭಾಗ ಇರುವ ಪೂರ್ತಿ ಪುಸ್ತಕ, ದಪ್ಪ ಅಕ್ಷರದ್ದು. ಜೊತೆಗೆ ಅಪ್ಪನಿಗೆ ಮಂಡಿಯ ಪಟ್ಟಿಯೂ ಇದೆ. ಬೆತ್ ಸಮುದ್ರದ ದಡದಲ್ಲಿ ಹೇಳುವ ಅಧ್ಯಾಯ ಚಿನ್ನಿಗೆ ಓದಿಸು, 36ನೆಯದು. ಅದಾದ ಮೇಲೂ ಪುಸ್ತಕ ಬೇಡ ಅಂದರೆ ನಾನು ಬಲವಂತ ಮಾಡುವುದಿಲ್ಲ. ನೀನು ಮೊದಲು 8ನೆಯ ಅಧ್ಯಾಯ ತೆಗಿ. ತಾಯಿ ಮಗಳು ಮಾತಾಡುವುದು ಅದರಲ್ಲೇ. ಓದಿ ಆದ ಮೇಲೆ ನನಗೆ ಒಂದು ಕಾಗದ ಬರಿ. ಫೋನು ಬೇಡ, ಫೋನಿನಲ್ಲಿ ನೀನು ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೀಯ. ಆಗೆಲ್ಲ ನಿನಗೆ ಯಾವುದಕ್ಕೆ ಕೋಪ ಬರುತ್ತಿತ್ತು, ಈಗಲೂ ಬರುತ್ತದಾ, ಅಷ್ಟು ಬರೆದರೆ ಸಾಕು.

ಅಪ್ಪನಿಗೆ ನಮಸ್ಕಾರ, ಚಿನ್ನಿಗೆ ಪ್ರೀತಿ.

ಇಂತಿ ನಿನ್ನ ಮಗಳು