ಬೇಸಿಗೆಯ ಕಳಸೂಬಾಯಿ: ಬಸ್ಸು ಹೊರಡುವ ಹೊತ್ತು ಬದಲಾಗಲಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಮುಂಬೈ, ಠಾಣೆ, ಡೊಂಬಿವಲಿಯ ನಮ್ಮ ಸಂಘಗಳ ರಜಾ ಕಾರ್ಯಕ್ರಮಗಳಲ್ಲಿ ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಯ ಚಾರಣವೂ ಸೇರಿಕೊಳ್ಳುತ್ತದೆ. ‘ಬೆಳಿಗ್ಗೆ 6ಕ್ಕೆ ಬಸ್ಸು, ರಾತ್ರಿ ವಾಪಸ್’ ಎಂಬ ಪ್ರಕಟಣೆಯ ಸಾಲಿನಲ್ಲೇ ತೊಂದರೆ ಇದೆ. ಆ ಬಸ್ಸು ದಾರಿಯಲ್ಲಿ ತಿಂಡಿಗೆ ನಿಂತು ಬೆಟ್ಟದ ಬುಡದ ಬಾರಿ ಗ್ರಾಮ ಮುಟ್ಟುವಾಗ ಹತ್ತು ದಾಟಿರುತ್ತದೆ. ಅಲ್ಲಿಂದ 1,646 ಮೀಟರಿನ ತುದಿಗೆ ಎಂಟುನೂರು ಮೀಟರಿಗೂ ಮಿಕ್ಕಿದ ಏರು. ಮಕ್ಕಳು, ಹಿರಿಯರು ಇರುವ ಗುಂಪಿಗೆ ಹತ್ತಲು ನಾಲ್ಕು ತಾಸಾದರೂ ಬೇಕು. ಅಂದರೆ ನೆತ್ತಿ ಸುಡುವ ಹೊತ್ತಿಗೆ ಏರು, ಇನ್ನೂ ಕೆಟ್ಟ ಹೊತ್ತಿಗೆ ಇಳಿತ.

ಮಾರ್ಚ್‌ನಿಂದ ಮಳೆ ಬೀಳುವತನಕ ಈ ಬೆಟ್ಟವನ್ನು ಮರುಭೂಮಿಯ ಬೆಟ್ಟವೆಂದೇ ಎಣಿಸಬೇಕು. ಹುಲ್ಲು ಒಣಗಿರುತ್ತದೆ, ನೆರಳು ವಿರಳ, ಕರಿಗಲ್ಲು ಕಾದ ಹೆಂಚು. ಬಾರಿ ಇರುವುದು ಶಿಖರದ ಪಶ್ಚಿಮಕ್ಕೆ. ಹಾಗಾಗಿ ಬೆಳಗಿನ ಮೊದಲ ತಾಸುಗಳಲ್ಲಿ ದಾರಿಗೆ ಬೆಟ್ಟದ್ದೇ ನೆರಳು, ಮಧ್ಯಾಹ್ನದ ನಂತರ ಪೂರ್ತಿ ಬಿಸಿಲು. ತುದಿಯಲ್ಲಿ ಗಾಳಿ ಬೀಸುತ್ತದೆ, ಬುಡಕ್ಕಿಂತ ಸುಮಾರು 5 ಡಿಗ್ರಿ ತಂಪು. ಬೆವರು ಅಲ್ಲಲ್ಲೇ ಆರುವುದರಿಂದ ಮೈ ಎಷ್ಟು ನೀರು ಕಳೆದುಕೊಂಡಿದೆ ಎಂಬುದು ತಿಳಿಯುವುದಿಲ್ಲ. ದೇವಿಯ ಗುಡಿಯ ಬಳಿ ಬುತ್ತಿ ಬಿಚ್ಚಿ ಆರಾಮಾಗಿ ಕುಳಿತವರು ಕೆಳಗಿಳಿದಂತೆಲ್ಲ ಹೆಚ್ಚು ಬಿಸಿಗೆ ಇಳಿಯುತ್ತಾರೆ. ದಣಿದ ಕಾಲು ಸಡಿಲ ಜಲ್ಲಿಯ ಮೇಲೆ ಜಾರುವುದೂ ಆಗಲೇ.

ಬಸ್ಸು ಹಿಂದಿನ ರಾತ್ರಿಯೇ ಹೊರಡಲಿ, ಎಲ್ಲರೂ ಬಾರಿಯಲ್ಲಿ ಕೆಲವು ತಾಸು ಮಲಗಲಿ. ಚಾಲಕನಿಗಂತೂ ನಿದ್ದೆ ಬೇಕೇ ಬೇಕು. 4ಕ್ಕೆ ತಲೆಗೆ ಟಾರ್ಚ್ ಕಟ್ಟಿಕೊಂಡು ಹತ್ತಲು ಶುರುಮಾಡಿದರೆ 8ರೊಳಗೆ ತುದಿ, 11ರೊಳಗೆ ಮತ್ತೆ ಬಾರಿ ಗ್ರಾಮ. 8.30 ಆದರೆ ಎಲ್ಲಿದ್ದರೆ ಅಲ್ಲಿಂದಲೇ ವಾಪಸ್, ಕೊನೆಯ ಏಣಿ ಕಣ್ಣೆದುರಿಗಿದ್ದರೂ ಸರಿ. ಈ ಗಡಿಯನ್ನು ಬಸ್ಸಿನಲ್ಲೇ ಹೇಳಿಬಿಡಬೇಕು. ಮೇಲೆ ಹೋದಮೇಲೆ ಯಾರೂ ಒಪ್ಪುವುದಿಲ್ಲ. ವಾರಾಂತ್ಯದಲ್ಲಿ ಕಬ್ಬಿಣದ ಏಣಿಗಳ ಬಳಿ ಹತ್ತುವವರೂ ಇಳಿಯುವವರೂ ಎದುರುಬದುರಾಗಿ ಸಾಲುಗಟ್ಟುತ್ತಾರೆ. ಕಾಯುವ ಆ ಹೊತ್ತು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಬಿಸಿಲೇರಿದ ಮೇಲೆ ಕಂಬಿಗಳನ್ನು ಬರಿಗೈಯಲ್ಲಿ ಹಿಡಿಯುವುದು ಕಷ್ಟ. ಹತ್ತಿಯ ಕೈಗವಸು ಜೇಬಿನಲ್ಲಿರಲಿ.

ನೀರು ತಲಾ 4 ಲೀಟರ್. ‘ಅರ್ಧ ಮುಗಿದರೆ ಹಿಂತಿರುಗು’ ಎಂಬ ರೂಢಿಯ ನಿಯಮ ಇಲ್ಲಿ ಸಾಲದು, ಇಳಿಯುವಾಗಲೇ ಬಾಯಾರಿಕೆ ಹೆಚ್ಚು. ಒಂದೂವರೆ ಲೀಟರ್ ಖಾಲಿಯಾದರೆ ಹಿಂತಿರುಗಬೇಕು. ಮೇಲಿನ ಬಾವಿಯನ್ನೋ ನಿಂಬೆ ಶರಬತ್ತಿನ ಅಂಗಡಿಯನ್ನೋ ನಂಬಿ ಬಾಟಲಿ ಕಡಿಮೆ ಮಾಡಬೇಡಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೂ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಬರಬಹುದು. ಜೊತೆಯವರು ನೀರು ಸಾಲಲಿಲ್ಲವೆಂದು ಮತ್ತಷ್ಟು ಕುಡಿಸುತ್ತಾರೆ. ಅದಕ್ಕೇ ಒಂದು ಲೀಟರ್ ಓಆರ್‌ಎಸ್ ಇರಲಿ, ಉಪ್ಪಿನ ಶೇಂಗಾ ಇರಲಿ. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯುವುದು ಪದೇಪದೇ ಆಗುವ ತಪ್ಪು. ಪೊಟ್ಟಣ ಸಿಗದಿದ್ದರೆ ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಯಾರಾದರೂ ತಡವರಿಸಿ ಮಾತಾಡಿದರೆ, ತೂರಾಡಿದರೆ, ಅದನ್ನು ಬರೀ ದಣಿವೆಂದು ಬಿಡಬೇಡಿ, ಬಿಸಿಲಾಘಾತ ಇರಬಹುದು. ಬಾಯಿಗೆ ನೀರು ಹಾಕುವ ಆತುರ ಬೇಡ. ನೆರಳಿಗೆ ಎಳೆದು, ಬಟ್ಟೆ ಪೂರ್ತಿ ತೋಯಿಸಿ, ಬಿಡದೆ ಗಾಳಿ ಬೀಸಿ. ಒಬ್ಬರು 108ಕ್ಕೆ ಕರೆ ಮಾಡಲಿ. ಮೈ ತಣಿಸುವುದು ಮೊದಲು, ಹೊತ್ತು ಇಳಿಸುವುದು ಆಮೇಲೆ.

ತಮ್ಮಲ್ಲಿ ನಮ್ಮದೊಂದು ಕೋರಿಕೆ. ಸಂಘಗಳ ಚಾರಣ ಪ್ರಕಟಣೆ ಅಚ್ಚು ಹಾಕುವಾಗ ಹತ್ತಲು ಶುರುಮಾಡುವ ಹೊತ್ತು, ಹಿಂತಿರುಗುವ ಗಡಿ ಹೊತ್ತು, ತಲೆಗೆ ಎಷ್ಟು ನೀರು ಎಂಬ ಮೂರನ್ನೂ ಕೇಳಿ ಪಡೆದು ಹಾಕಿರಿ.

– ಚಾರಣ ಮಾರ್ಗದರ್ಶಕರು, ಡೊಂಬಿವಲಿ